ಹೊಳೆ ಬದಿಯ ಊರಿಗೆ ಕೊಳಗಳ ಎಸ್‌ಟಿಪಿ (ಕೊಚ್ಚೆನೀರು ಶುದ್ಧೀಕರಣ ಘಟಕ): ಅಳತೆಯಿಂದ ಹೂಳಿನವರೆಗೆ

ಹೇಮಾವತಿ, ಕಬಿನಿ, ತುಂಗೆ, ಮಲಪ್ರಭೆಯ ದಂಡೆಯಲ್ಲಿರುವ ಸಣ್ಣ ಊರುಗಳಲ್ಲಿ ಬಚ್ಚಲು ನೀರು, ಅಡುಗೆಮನೆ ನೀರು, ಸೆಪ್ಟಿಕ್ ಟ್ಯಾಂಕ್ ತುಂಬಿ ಹೊರಬಂದ ನೀರು ಎಲ್ಲವೂ ಬೀದಿ ಚರಂಡಿಗೆ ಬಂದು, ಅಲ್ಲಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ ಹೋಗುತ್ತದೆ. ಸ್ವಲ್ಪ ಕೆಳಗೆ ಹೋದರೆ ಇನ್ನೊಂದು ಊರಿಗೆ ಕುಡಿಯುವ ನೀರೆತ್ತುವ ಜಾಕ್‌ವೆಲ್. ಇದನ್ನು ಸರಿಮಾಡಲು ಹೊರಟ ಪಂಚಾಯಿತಿಗೆ ಮೊದಲು ತೋರಿಸಲಾಗುವುದು ಬ್ಲೋವರ್, ಪಂಪು, ಪ್ಯಾನೆಲ್ ಬೋರ್ಡು ಇರುವ ಯಂತ್ರದ ಘಟಕ. ಆ ಘಟಕ ಹಗಲು ರಾತ್ರಿ ಗಾಳಿ ಕೊಡುತ್ತಲೇ ಇರಬೇಕು. ಕರೆಂಟು ಅರ್ಧ ದಿನ ಹೋದರೆ ಕೊಳೆ ತಿನ್ನುವ ಬ್ಯಾಕ್ಟೀರಿಯಾ ಸೊರಗುತ್ತವೆ, ಮತ್ತೆ ಹದಕ್ಕೆ ಬರಲು ದಿನಗಳೇ ಬೇಕು. ವಿದ್ಯುತ್ ಬಿಲ್ಲು ಕಟ್ಟಲಾಗದ ತಿಂಗಳು ಘಟಕ ನಿಲ್ಲುತ್ತದೆ, ಬೈಪಾಸ್ ಗೇಟು ತೆರೆಯುತ್ತದೆ, ಕೊಚ್ಚೆ ಮತ್ತೆ ಹೊಳೆಗೇ ಹೋಗುತ್ತದೆ.

ಐದರಿಂದ ಹತ್ತು ಸಾವಿರ ಜನರಿರುವ, ಐದು ಸಾವಿರ ಜನಕ್ಕೆ ಮೂರು ಎಕರೆಯಂತೆ ಜಾಗ ಸಿಗುವ ಊರಿಗೆ ಸಾಲುಕೊಳಗಳ ಪದ್ಧತಿಯೇ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಇದರಲ್ಲಿ ಮೊದಲು ಆಳದ ಕೊಳ, ನಂತರ ಪಾಚಿ ಕೊಳ, ಕೊನೆಗೆ ತಿಳಿಗೊಳಗಳು. ಕೆಲಸ ಮಾಡುವುದು ಬಿಸಿಲು, ಪಾಚಿ ಮತ್ತು ಸಮಯ. ಯಂತ್ರ ಇಲ್ಲದಿದ್ದರೂ ನಿರ್ವಹಣೆ ಬೇಕೇ ಬೇಕು. ಅದರಲ್ಲೂ ಹೂಳು ತೆಗೆಯುವ ಏರ್ಪಾಡನ್ನು ಕಟ್ಟುವ ಮೊದಲೇ ಯೋಚಿಸಬೇಕು.

1. ಮೊದಲು ನೀರನ್ನು ಅಳೆಯಿರಿ

ಜನಸಂಖ್ಯೆಯನ್ನು ಪುಸ್ತಕದ ಅಂಕಿಯಿಂದ ಗುಣಿಸಿ ಘಟಕ ಕಟ್ಟುವುದು ಎಲ್ಲ ತಪ್ಪುಗಳ ಮೂಲ. ಕೇಂದ್ರದ ಸಾರ್ವಜನಿಕ ಆರೋಗ್ಯ ಎಂಜಿನಿಯರಿಂಗ್ ಸಂಸ್ಥೆಯಾದ ಸಿಪಿಎಚ್‌ಇಇಒದ ಕೈಪಿಡಿ ಒಳಚರಂಡಿ ಇರುವ ಪಟ್ಟಣಕ್ಕೆ ತಲಾ ದಿನಕ್ಕೆ 135 ಲೀಟರ್ ಪೂರೈಕೆ ಎಂದು ಹಿಡಿಯುತ್ತದೆ. ಜಲಜೀವನ್ ಮಿಷನ್ ಹಳ್ಳಿಗೆ ಹಿಡಿದಿರುವುದು 55 ಲೀಟರ್. ನಿಮ್ಮ ಊರು ಇವೆರಡರ ನಡುವೆ ಎಲ್ಲಿದೆ ಎಂಬುದನ್ನು ಚರಂಡಿಯೇ ಹೇಳಬೇಕು.

ಚರಂಡಿ ಹಳ್ಳಕ್ಕೆ ಸೇರುವ ಮುನ್ನ ಒಂದು ನೇರ ತುಂಡನ್ನು ಆರಿಸಿಕೊಳ್ಳಿ. ದಪ್ಪ ತಗಡಿನಲ್ಲಿ 90 ಡಿಗ್ರಿಯ ವಿ ಆಕಾರ ಕತ್ತರಿಸಿ, ಚರಂಡಿಗೆ ಅಡ್ಡಲಾಗಿ ನೀರು ಸೋರದಂತೆ ಜೇಡಿಮಣ್ಣು ಮೆತ್ತಿ ನಿಲ್ಲಿಸಿ. ತಗಡಿನಿಂದ ಮುಕ್ಕಾಲು ಮೀಟರ್ ಮೇಲುಗಡೆ ಒಂದು ಸ್ಕೇಲು ನೆಡಿ, ಅದರ ಸೊನ್ನೆ ವಿ ಆಕಾರದ ತುದಿಯ ಮಟ್ಟಕ್ಕೆ ಸರಿಯಾಗಿರಲಿ. ನೀರು 5 ಸೆಂ.ಮೀ. ತೋರಿಸಿದರೆ ಸೆಕೆಂಡಿಗೆ ಸುಮಾರು 0.8 ಲೀಟರ್ ಹರಿಯುತ್ತಿದೆ ಎಂದರ್ಥ. 7.5 ಸೆಂ.ಮೀ. ಇದ್ದರೆ 2.1 ಲೀಟರ್, 10 ಸೆಂ.ಮೀ. ಇದ್ದರೆ 4.4 ಲೀಟರ್, 15 ಸೆಂ.ಮೀ. ಇದ್ದರೆ 12 ಲೀಟರ್. ಗಂಟೆಗೊಮ್ಮೆಯಂತೆ ಇಡೀ 24 ಗಂಟೆ ಬರೆದುಕೊಳ್ಳಿ. ಒಂದು ಸಾಮಾನ್ಯ ದಿನ, ಒಂದು ಸಂತೆಯ ದಿನ, ಮಳೆಗಾಲದಲ್ಲಿ ಒಂದು ದಿನ ಹೀಗೆ ಕನಿಷ್ಠ ಮೂರು ಸಲ ಅಳೆಯಬೇಕು.

ಅದೇ ದಿನ ಗಂಟೆಗಂಟೆಗೂ ಸ್ವಲ್ಪ ಸ್ವಲ್ಪ ನೀರು ಹಿಡಿದು ಒಂದೇ ಕ್ಯಾನಿಗೆ ಸೇರಿಸಿ, ಐಸ್ ಪೆಟ್ಟಿಗೆಯಲ್ಲಿಟ್ಟು ಮರುದಿನ ಬೆಳಿಗ್ಗೆಯೇ ಪ್ರಯೋಗಾಲಯಕ್ಕೆ ಕಳಿಸಿ. ಬೆಳಗಿನ ಒಂದೇ ಬಾಟಲಿ ಕಳಿಸಿದರೆ ಸ್ನಾನದ ಸೋಪುನೀರಿನ ವರದಿ ಬರುತ್ತದೆ, ಊರಿನ ಕೊಚ್ಚೆಯದ್ದಲ್ಲ. ಕೇಳಬೇಕಾದ ಪರೀಕ್ಷೆಗಳು ಬಿಒಡಿ, ಟಿಎಸ್‌ಎಸ್ (ನೀರಿನಲ್ಲಿ ತೇಲಾಡುವ ಘನಕಣ), ಪಿಎಚ್ (ಹುಳಿ-ಕ್ಷಾರದ ಅಳತೆ) ಮತ್ತು ಫೀಕಲ್ ಕೋಲಿಫಾರ್ಮ್ (ಮಲದಿಂದ ಬರುವ ಬ್ಯಾಕ್ಟೀರಿಯಾ). ಬಿಒಡಿ ಎಂದರೆ ನೀರಿನ ಕೊಳೆಯನ್ನು ಅರಗಿಸಲು ಬ್ಯಾಕ್ಟೀರಿಯಾಗೆ ಬೇಕಾಗುವ ಆಮ್ಲಜನಕ. ನಮ್ಮಲ್ಲಿ ಅದನ್ನು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೂರು ದಿನ ಇಟ್ಟು ಅಳೆಯುತ್ತಾರೆ.

ತೆರೆದ ಚರಂಡಿ ಇರುವ ಊರಲ್ಲಿ ಮಳೆನೀರೂ ಅದರಲ್ಲೇ ಬರುತ್ತದೆ. ಮಲೆನಾಡಿನಲ್ಲಂತೂ ಜುಲೈಯ ಹರಿವಿಗೂ ಮಾರ್ಚಿನ ಹರಿವಿಗೂ ಹೋಲಿಕೆಯೇ ಇಲ್ಲ. ಅಷ್ಟನ್ನೂ ಕೊಳಕ್ಕೆ ಬಿಟ್ಟರೆ ಪಾಚಿಯೆಲ್ಲ ಕೊಚ್ಚಿಹೋಗುತ್ತದೆ. ಆದ್ದರಿಂದ ಒಳಹರಿವಿನ ಬಾಯಲ್ಲಿ ಪಕ್ಕದ ಗೋಡೆಗೆ ಒಂದು ಕೋಡಿ ಕಟ್ಟಿ. ಸರಾಸರಿಯ ಮೂರು ಪಟ್ಟಿನವರೆಗೆ ನೀರು ಘಟಕಕ್ಕೆ, ಅದಕ್ಕಿಂತ ಹೆಚ್ಚಿನದು ಕೋಡಿಯ ಮೇಲೆ ಹಳ್ಳಕ್ಕೆ. ಆ ಹೊತ್ತಿನಲ್ಲಿ ಹಳ್ಳವೂ ಹೊಳೆಯೂ ತುಂಬಿರುವುದರಿಂದ ಆ ತೆಳುಗೊಚ್ಚೆಯ ಹಾನಿ ಕಡಿಮೆ.

2. ಜಾಗ

ಊರಿನಿಂದ ಇನ್ನೂರು ಮೀಟರ್ ಆದರೂ ದೂರ ಇರಲಿ, ಐನೂರು ಸಿಕ್ಕರೆ ಒಳ್ಳೆಯದು. ನೀರು ಇಳಿಜಾರಿನಲ್ಲೇ ಬರಬೇಕು. ಒಂದೇ ಒಂದು ಪಂಪು ಸೇರಿದರೂ ಮತ್ತೆ ಕರೆಂಟಿನ ಹಂಗು. ಹೊಳೆ ಬದಿಯ ಅಗ್ಗದ ಜಾಗ ಅಗ್ಗವಾಗಿರುವುದು ಅದು ಮುಳುಗುವುದರಿಂದಲೇ. ಊರಿನ ಹಿರಿಯರು ಕಂಡ ಅತಿ ದೊಡ್ಡ ನೆರೆಯ ಗುರುತು ಎಲ್ಲಿದೆ ಎಂದು ಕೇಳಿ, ಏರಿಯ ನೆತ್ತಿ ಅದಕ್ಕಿಂತ ಒಂದು ಮೀಟರ್ ಎತ್ತರ ಬರುವಂತೆ ನೋಡಿಕೊಳ್ಳಿ. ನೆರೆ ಒಳಗೆ ನುಗ್ಗಿದರೆ ಇಡೀ ವರ್ಷದ ಹೂಳನ್ನು ಒಂದೇ ರಾತ್ರಿ ಹೊಳೆಗೆ ಸುರಿದಂತಾಗುತ್ತದೆ.

ಮಣ್ಣಿನ ಗುಣ ಊರಿಂದೂರಿಗೆ ಬೇರೆ. ಕರಾವಳಿ ಮತ್ತು ಮಲೆನಾಡಿನ ಜಂಬಿಟ್ಟಿಗೆ ಮಣ್ಣು ನೀರನ್ನು ಬೇಗ ಕುಡಿಯುತ್ತದೆ, ಅಲ್ಲಿ 30 ಸೆಂ.ಮೀ. ಜೇಡಿಮಣ್ಣಿನ ಹಾಸು ಅಥವಾ ಎಚ್‌ಡಿಪಿಇ ಪ್ಲಾಸ್ಟಿಕ್ ಶೀಟು ಕಡ್ಡಾಯ. ಉತ್ತರ ಕರ್ನಾಟಕದ ಎರೆಮಣ್ಣು ಒದ್ದೆಯಿರುವಾಗ ಚೆನ್ನಾಗಿ ನೀರು ಹಿಡಿಯುತ್ತದೆ, ಒಣಗಿದರೆ ಬಿರಿಯುತ್ತದೆ. ಬರೀ ಎರೆಮಣ್ಣಿನಿಂದ ಏರಿ ಕಟ್ಟಬೇಡಿ. ಸುತ್ತಲಿನ ಬಾವಿ, ಬೋರ್‌ವೆಲ್‌ಗಳ ನೀರನ್ನು ಕೆಲಸ ಶುರುವಾಗುವ ಮುನ್ನವೇ ಪರೀಕ್ಷಿಸಿ ದಾಖಲೆ ಇಟ್ಟುಕೊಳ್ಳಿ. ಮುಂದೆ ನೈಟ್ರೇಟ್ ಏರಿದರೆ ಅದು ಕೊಳದಿಂದಲೋ ಗೊಬ್ಬರದಿಂದಲೋ ಎಂಬ ಜಗಳಕ್ಕೆ ಆ ಹಾಳೆಯೇ ಉತ್ತರ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿ.ಗ್ರಾಂ.

3. ಲೆಕ್ಕ: ಐದು ಸಾವಿರ ಜನರ ಊರು

ಅಳತೆಯಲ್ಲಿ ತಲಾ 80 ಲೀಟರ್ ಕೊಚ್ಚೆ ಬಂತು ಎಂದಿಟ್ಟುಕೊಳ್ಳಿ. ದಿನಕ್ಕೆ 400 ಘನ ಮೀಟರ್, ಅಂದರೆ ನಾಲ್ಕು ಲಕ್ಷ ಲೀಟರ್. ಒಬ್ಬರಿಂದ ದಿನಕ್ಕೆ 27 ಗ್ರಾಂ ಬಿಒಡಿ ಹಿಡಿದರೆ ಊರಿನ ಹೊರೆ 135 ಕೆ.ಜಿ., ಸಾಂದ್ರತೆ ಲೀಟರಿಗೆ ಸುಮಾರು 338 ಮಿ.ಗ್ರಾಂ. ಕೊಳದ ಗಾತ್ರವನ್ನು ವರ್ಷದ ಅತಿ ತಣ್ಣಗಿನ ತಿಂಗಳಿಗೆ ಹೊಂದಿಸಬೇಕು. ಇಲ್ಲಿ ಆ ತಿಂಗಳ ಸರಾಸರಿ 20 ಡಿಗ್ರಿ ಎಂದು ಹಿಡಿದಿದ್ದೇವೆ.

ಆಳದ ಕೊಳ ಆ ಉಷ್ಣಾಂಶದಲ್ಲಿ ಘನ ಮೀಟರಿಗೆ ದಿನಕ್ಕೆ 300 ಗ್ರಾಂ ಬಿಒಡಿ ಹೊರೆ ತಾಳಿಕೊಳ್ಳುತ್ತದೆ. 135 ಕೆ.ಜಿ.ಗೆ 450 ಘನ ಮೀಟರ್ ಬೇಕು. ಮೂರು ಮೀಟರ್ ಆಳ ಇಟ್ಟರೆ ಅರ್ಧ ಆಳದಲ್ಲಿ 10 × 15 ಮೀಟರ್ ಅಳತೆ ಬರುತ್ತದೆ. ಇಲ್ಲಿಯೇ ಒಂದು ಮುಖ್ಯ ತೀರ್ಮಾನ ಇದೆ. ಹೂಳು ತಲಾ ವರ್ಷಕ್ಕೆ 0.04 ಘನ ಮೀಟರ್ ಕೂಡುತ್ತದೆ, ಐದು ಸಾವಿರ ಜನರಿಗೆ 200 ಘನ ಮೀಟರ್. ಕೊಳ ಮೂರನೇ ಒಂದು ಭಾಗ ತುಂಬಿದಾಗ ಹೂಳು ತೆಗೆಯಬೇಕು ಎಂಬುದು ನಿಯಮ. ಒಂದೇ ಕೊಳವಿದ್ದರೆ ಒಂಬತ್ತು ತಿಂಗಳಿಗೇ ಆ ಮಟ್ಟ ಬರುತ್ತದೆ, ತೆಗೆಯುವಾಗ ಕೊಚ್ಚೆಯನ್ನು ಬಿಡಲು ಬೇರೆ ಜಾಗ ಇರುವುದಿಲ್ಲ. ಆದ್ದರಿಂದ ಅದೇ ಅಳತೆಯ ಎರಡು ಕೊಳಗಳನ್ನು ಅಕ್ಕಪಕ್ಕ ಕಟ್ಟಿ, ಎರಡಕ್ಕೂ ಪ್ರತ್ಯೇಕ ತೂಬು ಇಡಿ. ಎರಡೂ ನಡೆಯುವಾಗ ಹೊರೆ ಘನ ಮೀಟರಿಗೆ 150 ಗ್ರಾಂ ಆಗುತ್ತದೆ. ಅದು 100ಕ್ಕಿಂತ ಕೆಳಗಿಳಿಯದ ಕಾರಣ ಗಾಳಿಯಿಲ್ಲದೆ ಕೊಳೆ ಅರಗಿಸುವ ಗುಣವನ್ನು ಕೊಳ ಬಿಡುವುದಿಲ್ಲ. ಹೂಳು ತೆಗೆಯುವ ಸರದಿಯೂ ಒಂದೂವರೆ ವರ್ಷಕ್ಕೆ ಹೋಗುತ್ತದೆ.

ಆಳದ ಕೊಳದಲ್ಲಿ ಶೇ. 60 ಬಿಒಡಿ ಹೋಗುತ್ತದೆ, ಉಳಿದ 54 ಕೆ.ಜಿ. ಪಾಚಿ ಕೊಳಕ್ಕೆ. ಅಲ್ಲಿನ ಲೆಕ್ಕ ಮೇಲ್ಮೈಯದು, ಏಕೆಂದರೆ ಅಲ್ಲಿ ಕೆಲಸ ಮಾಡುವುದು ಬಿಸಿಲು. 20 ಡಿಗ್ರಿಗೆ ಹೆಕ್ಟೇರಿಗೆ ದಿನಕ್ಕೆ ಸುಮಾರು 250 ಕೆ.ಜಿ. ಮಿತಿ. 27 × 80 ಮೀಟರ್ ಸಾಕು. ಆಳ ಒಂದೂವರೆ ಮೀಟರ್, ನೀರು ಎಂಟು ದಿನ ನಿಲ್ಲುತ್ತದೆ. ಆಮೇಲೆ 20 × 80 ಮೀಟರಿನ, ಒಂದು ಮೀಟರ್ ಆಳದ ಎರಡು ತಿಳಿಗೊಳಗಳು ಒಂದರ ಹಿಂದೊಂದು, ತಲಾ ನಾಲ್ಕು ದಿನ. ರೋಗಾಣು ಸಾಯುವುದು ಮುಖ್ಯವಾಗಿ ಈ ಕೊನೆಯ ಎರಡರಲ್ಲಿ. ತಿಳಿಗೊಳವನ್ನು ಆಳ ಮಾಡಿ ಜಾಗ ಉಳಿಸುವ ಸಲಹೆ ಬಂದರೆ ಒಪ್ಪಬೇಡಿ, ಬಿಸಿಲು ತಳ ಮುಟ್ಟದಿದ್ದರೆ ಆ ಕೊಳ ಇದ್ದೂ ಇಲ್ಲದಂತೆ.

ಏರಿಗಳನ್ನೂ ಸೇರಿಸಿ ಇಷ್ಟಕ್ಕೆ ಸುಮಾರು ಎರಡೂವರೆ ಎಕರೆ. ಹೂಳು ಒಣಗಿಸುವ ಅಂಕಣ, ಕಲ್ಲಿನ ಫಿಲ್ಟರ್ ಸೇರಿದರೆ ಮೂರು ಎಕರೆ.

4. ಕಾನೂನಿನ ಅಂಕಿ

1974ರ ಜಲ ಕಾಯ್ದೆಯಡಿ ಕಟ್ಟುವ ಮುನ್ನ ಒಮ್ಮೆ, ನಡೆಸುವ ಮುನ್ನ ಒಮ್ಮೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆಯಬೇಕು. ಕೇಂದ್ರ ಪರಿಸರ ಸಚಿವಾಲಯದ 2017ರ ಅಧಿಸೂಚನೆ ಮಹಾನಗರಗಳಲ್ಲದ ಊರುಗಳಿಗೆ ಹಾಕಿದ ಮಿತಿ ಹೀಗಿದೆ: ಬಿಒಡಿ ಲೀಟರಿಗೆ 30 ಮಿ.ಗ್ರಾಂ, ಟಿಎಸ್‌ಎಸ್ 100ಕ್ಕಿಂತ ಕಡಿಮೆ, 100 ಮಿ.ಲೀ.ಗೆ ಫೀಕಲ್ ಕೋಲಿಫಾರ್ಮ್ 1000ಕ್ಕಿಂತ ಕಡಿಮೆ, ಪಿಎಚ್ 6.5ರಿಂದ 9. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ 2019ರ ಆದೇಶ ಇದಕ್ಕಿಂತ ಬಿಗಿ, ಬಿಒಡಿ 10 ಮತ್ತು ಟಿಎಸ್‌ಎಸ್ 20. ನಿಮ್ಮ ಸಮ್ಮತಿ ಪತ್ರದಲ್ಲಿ ಯಾವ ಅಂಕಿ ಬರುತ್ತದೆ ಎಂದು ವಿನ್ಯಾಸಕ್ಕೆ ಮೊದಲೇ ಮಂಡಳಿಯಿಂದ ಬರವಣಿಗೆಯಲ್ಲಿ ಪಡೆಯಿರಿ.

ಬರೀ ಕೊಳಗಳಿಂದ 10 ಮುಟ್ಟಲಾಗದು. ಕೊನೆಯ ಕೊಳದಿಂದ ಹೊರಬರುವ ನೀರಿನ ಬಿಒಡಿಯಲ್ಲಿ ಬಹುಪಾಲು ಪಾಚಿಯದ್ದೇ. ಅದನ್ನು ಹಿಡಿಯಲು ಕೊನೆಯಲ್ಲಿ ಮುಷ್ಟಿಗಾತ್ರದ ಕಲ್ಲಿನ ಫಿಲ್ಟರ್ ಬೇಕು. ದಿನದ 400 ಘನ ಮೀಟರಿಗೆ 800 ಘನ ಮೀಟರ್ ಕಲ್ಲು ಹಿಡಿದರೆ ನಿರಾತಂಕ. ಅದರ ಮೇಲೆ ಕಾಬಾಳೆ, ಜೊಂಡು ನೆಡಬಹುದು, ಆದರೆ ಎಲೆ ಒಣಗಿ ಬೀಳುವ ಮುನ್ನ ಕೊಯ್ದು ಹೊರಹಾಕುವವರು ಇದ್ದರೆ ಮಾತ್ರ.

5. ಜಾಲರಿ ಮತ್ತು ಮರಳು ಕಾಲುವೆ

ಸಣ್ಣ ಕೆಲಸ, ಬಿಟ್ಟರೆ ದೊಡ್ಡ ನಷ್ಟ. ಕಂಬಿಗಳ ನಡುವೆ 20–25 ಮಿ.ಮೀ. ಸಂದು, 45ರಿಂದ 60 ಡಿಗ್ರಿ ಓರೆ, ಮೇಲೆ ನಿಂತು ಕುಂಟೆಯಿಂದ ಎಳೆಯಲು ಒಂದು ಕಟ್ಟೆ, ಎಳೆದದ್ದು ನೀರಿಳಿಯಲು ತೂತಿನ ತಟ್ಟೆ. ಮುಂದೆ 30 ಸೆಂ.ಮೀ. ಅಗಲ, 5 ಮೀಟರ್ ಉದ್ದದ ಎರಡು ಕಾಲುವೆ ಅಕ್ಕಪಕ್ಕ. ನೀರು ಸೆಕೆಂಡಿಗೆ 0.3 ಮೀಟರ್ ಓಡಬೇಕು. ಅದಕ್ಕಿಂತ ನಿಧಾನವಾದರೆ ಮರಳಿನ ಜೊತೆ ಮಲವೂ ಕೂತು ನಾರುತ್ತದೆ, ವೇಗವಾದರೆ ಮರಳು ಕೊಳಕ್ಕೆ ಹೋಗಿ ಹೂಳು ಗಟ್ಟಿಯಾಗುತ್ತದೆ. ಒಂದು ಕಾಲುವೆಗೆ ಹಲಗೆ ಹಾಕಿ ಮುಚ್ಚಿ, ಮರಳು ಬಾಚಿ, ಆಮೇಲೆ ಇನ್ನೊಂದು.

6. ಕೊಳ ಕಟ್ಟುವುದು

ಏರಿಯ ಒಳ ಇಳಿಜಾರು ಒಂದಕ್ಕೆ ಮೂರು (ಒಂದು ಮೀಟರ್ ಎತ್ತರಕ್ಕೆ ಮೂರು ಮೀಟರ್ ಅಡ್ಡ), ಹೊರಗಡೆ ಒಂದಕ್ಕೆ ಎರಡು. ಆಳದ ಕೊಳ ಚಿಕ್ಕದಾದ್ದರಿಂದ ಅದರ ಒಳ ಇಳಿಜಾರು ಒಂದಕ್ಕೆ ಎರಡು ಇರಲಿ. ನೀರಿನ ಮೇಲೆ ಅರ್ಧ ಮೀಟರ್ ಬಿಡಿ. ನೆತ್ತಿ ಟ್ರ್ಯಾಕ್ಟರ್ ಹೋಗುವಷ್ಟು, ಅಂದರೆ ಮೂರು ಮೀಟರ್ ಅಗಲ. ಮಣ್ಣನ್ನು 15 ಸೆಂ.ಮೀ. ಪದರವಾಗಿ ಹರಡಿ, ನೀರು ಚಿಮುಕಿಸಿ, ರೋಲರ್ ಓಡಿಸಿ ಮುಂದಿನ ಪದರ. ನೀರಿನ ಅಂಚಿನ ಮೇಲೂ ಕೆಳಗೂ 30 ಸೆಂ.ಮೀ. ಕಲ್ಲು ಹಾಸಬೇಕು. ಕಲ್ಲಿಲ್ಲದ ಅಂಚಿನಲ್ಲಿ ಹುಲ್ಲು ಬೆಳೆಯುತ್ತದೆ, ಆ ಹುಲ್ಲಿನ ನೆರಳಲ್ಲೇ ಸೊಳ್ಳೆ ಮರಿಯಾಗುತ್ತದೆ. ಕೊಳದ ನಡುವಿನ ತೆರೆದ ನೀರಿನಲ್ಲಿ ಸೊಳ್ಳೆ ಕಾಟ ಕಡಿಮೆ.

ಒಳತೂಬು ಮತ್ತು ಹೊರತೂಬು ಎದುರುಬದುರು ಮೂಲೆಗಳಲ್ಲಿರಲಿ. ಒಂದೇ ಸಾಲಿನಲ್ಲಿಟ್ಟರೆ ಕೊಚ್ಚೆ ನೇರ ಹಾದುಹೋಗುತ್ತದೆ, ಕಾಗದದ ಮೇಲಿನ ಎಂಟು ದಿನ ಎರಡೇ ದಿನವಾಗುತ್ತದೆ. ಹೊರತೂಬಿನ ಮುಂದೆ ಮೇಲಿನ ಕೆನೆ ಹೋಗದಂತೆ ಅಡ್ಡಹಲಗೆ ಇರಬೇಕು. ಸುತ್ತ ಬೇಲಿ, ಗೇಟಿಗೆ ಬೀಗ, ಪ್ರತಿ ಕೊಳದ ಪಕ್ಕ ಹಗ್ಗ ಕಟ್ಟಿದ ಟ್ಯೂಬು ಕಡ್ಡಾಯ. ಮೂರು ಮೀಟರ್ ಆಳದ, ಮೇಲೆ ಕೆನೆಗಟ್ಟಿದ ಕೊಳ ಮಕ್ಕಳಿಗೂ ದನಕ್ಕೂ ಗಟ್ಟಿನೆಲದಂತೆ ಕಾಣುತ್ತದೆ.

ಸೋರಿಕೆ ನೋಡಲು ಕೊಳ ತುಂಬಿಸಿ, ಅಂಚಿನ ನೀರಿನಲ್ಲೇ ಒಂದು ಬಕೆಟ್ ತುಂಬಿ ನಿಲ್ಲಿಸಿ, ಎರಡರ ಮಟ್ಟವನ್ನೂ ಗುರುತು ಮಾಡಿ. ಮೂರು ದಿನದ ನಂತರ ಬಕೆಟ್ ಇಳಿದದ್ದು ಆವಿ. ಕೊಳ ಅದಕ್ಕಿಂತ ಎಷ್ಟು ಹೆಚ್ಚು ಇಳಿದಿದೆಯೋ ಅಷ್ಟು ಸೋರಿಕೆ. ಬಕೆಟಿನ ಎರಡು ಪಟ್ಟು ಇಳಿದರೆ ಕೊಚ್ಚೆ ಬಿಡುವ ಮುನ್ನವೇ ರಿಪೇರಿ ಆಗಲಿ, ಗುತ್ತಿಗೆದಾರರ ಕೊನೆಯ ಬಿಲ್ಲು ಈ ಪರೀಕ್ಷೆಯ ನಂತರವೇ ಪಾಸಾಗಲಿ.

7. ಚಾಲೂ ಮಾಡುವುದು

ಇಲ್ಲಿ ಕ್ರಮ ತಿರುಗುಮುರುಗು. ಮೊದಲು ಪಾಚಿ ಕೊಳ ಮತ್ತು ತಿಳಿಗೊಳಗಳಿಗೆ ಹೊಳೆ ನೀರು ತುಂಬಿಸಿ, ಸ್ವಲ್ಪವೇ ಕೊಚ್ಚೆ ಸೇರಿಸಿ ಮೂರು ನಾಲ್ಕು ವಾರ ಬಿಡಿ. ನೀರು ಹಸಿರಾದ ಮೇಲೆ ಆಳದ ಕೊಳಕ್ಕೆ ಕೊಚ್ಚೆ ಬಿಡಿ. ಹಳೆಯ ಸೆಪ್ಟಿಕ್ ಟ್ಯಾಂಕಿನ ಕಪ್ಪು ಹೂಳು ಒಂದೆರಡು ಲೋಡು ಹಾಕಿದರೆ ಹೆಪ್ಪು ಹಾಕಿದ ಹಾಗೆ ಕೆಲಸ ಬೇಗ ಹಿಡಿಯುತ್ತದೆ. ಹೊರೆಯನ್ನು ಎರಡರಿಂದ ನಾಲ್ಕು ವಾರದಲ್ಲಿ ಹಂತಹಂತವಾಗಿ ಏರಿಸಿ, ಪಿಎಚ್ 7ಕ್ಕಿಂತ ಕೆಳಗಿಳಿದರೆ ಸುಣ್ಣ ಹಾಕಿ. ಆಳದ ಕೊಳವನ್ನೇ ಮೊದಲು ತುಂಬಿಸಿದರೆ, ಮುಂದೆ ಪಾಚಿ ಇಲ್ಲದ ಕಾರಣ ಇಡೀ ಊರಿಗೆ ದುರ್ವಾಸನೆ ಹರಡುತ್ತದೆ. ಮೊದಲ ತಿಂಗಳಲ್ಲೇ ಜನರ ವಿಶ್ವಾಸ ಹೋದರೆ ಮತ್ತೆ ಗಳಿಸುವುದು ಕಷ್ಟ.

ಬೇಸಿಗೆಯ ಆರಂಭ ಇದಕ್ಕೆ ಸರಿಯಾದ ಕಾಲ.

8. ದಿನದ ಕೆಲಸ, ಬಣ್ಣದ ಭಾಷೆ

ಇಬ್ಬರು ಸಾಕು, ಆದರೆ ಅವರಿಗೆ ಬೇರೆ ಕೆಲಸ ಹಚ್ಚಬಾರದು. ಗಂಬೂಟು, ಗ್ಲೌಸು, ಸೋಪು ಮತ್ತು ಶುದ್ಧ ನೀರಿನ ನಲ್ಲಿ, ಧನುರ್ವಾಯು ಹಾಗೂ ಹೆಪಟೈಟಿಸ್ ಬಿ ಲಸಿಕೆ ಪಂಚಾಯಿತಿಯ ಹೊಣೆ. ದಿನಕ್ಕೆರಡು ಸಲ ಜಾಲರಿ, ವಾರಕ್ಕೊಮ್ಮೆ ಮರಳು ಕಾಲುವೆ, ಅಂಚಿನ ಹುಲ್ಲು, ಇಲಿ ಹೆಗ್ಗಣದ ಬಿಲ. ಪಾಚಿ ಕೊಳದ ಮೇಲಿನ ಕೆನೆಯನ್ನು ದಿನವೂ ತೆಗೆಯಬೇಕು, ಏಕೆಂದರೆ ಅದು ಬೆಳಕು ತಡೆಯುತ್ತದೆ. ಆಳದ ಕೊಳದ ಕೆನೆಯನ್ನು ಮುಟ್ಟಬಾರದು, ಅದು ವಾಸನೆಯನ್ನು ಒಳಗೇ ಹಿಡಿಯುತ್ತದೆ. ನೊಣ ಹೆಚ್ಚಾದರೆ ಕೊನೆಯ ಕೊಳದ ನೀರನ್ನು ಅದರ ಮೇಲೆ ಸಿಂಪಡಿಸಿ. ಇವೆರಡನ್ನು ಅದಲುಬದಲು ಮಾಡುವುದು ಎಲ್ಲೆಡೆ ಕಾಣುವ ತಪ್ಪು.

ಪಾಚಿ ಕೊಳ ದಟ್ಟ ಹಸಿರಾಗಿದ್ದರೆ ಆರೋಗ್ಯ. ಬೂದು ಅಥವಾ ಕಪ್ಪಾದರೆ ಹೊರೆ ಹೆಚ್ಚಾಗಿದೆ, ಆಳದ ಕೊಳದ ಹೂಳು ನೋಡಿ. ನಸುಗೆಂಪು ಅಥವಾ ನೇರಳೆ ಛಾಯೆ ಬಂದರೆ ಗಂಧಕದ ಬ್ಯಾಕ್ಟೀರಿಯಾ ಮೇಲುಗೈ ಪಡೆದಿವೆ ಎಂದರ್ಥ, ಅದು ಹೊರೆ ಮಿತಿ ಮೀರುತ್ತಿರುವ ಮುನ್ಸೂಚನೆ. ಅಂತರಗಂಗೆ ಒಂದು ಗಿಡ ಕಂಡರೂ ಅಂದೇ ಕಿತ್ತು ದಡದಿಂದ ದೂರ ಒಣಗಿಸಿ.

ಹಠಾತ್ತನೆ ಕಪ್ಪಾದರೆ ಮೊದಲು ಅನುಮಾನಿಸಬೇಕಾದದ್ದು ಸಕ್ಕಿಂಗ್ ಲಾರಿಯನ್ನು. ಸೆಪ್ಟಿಕ್ ಟ್ಯಾಂಕಿನ ಹೂಳು ಚರಂಡಿ ನೀರಿಗಿಂತ ಹತ್ತಾರು ಪಟ್ಟು ಗಟ್ಟಿ. ಲೀಟರಿಗೆ 5000 ಮಿ.ಗ್ರಾಂ ಬಿಒಡಿ ಎಂದು ಹಿಡಿದರೆ ನಾಲ್ಕು ಸಾವಿರ ಲೀಟರಿನ ಒಂದು ಲೋಡು 20 ಕೆ.ಜಿ., ಅಂದರೆ 740 ಜನರ ಒಂದು ದಿನದ ಹೊರೆ. ಅದನ್ನು ಕೊಳಕ್ಕೆ ಸುರಿಯಲು ಬಿಡದೆ, ಒಣಗಿಸುವ ಅಂಕಣಕ್ಕೆ ಕಳಿಸಿ. ಲೋಡು ಹೆಚ್ಚಿರುವ ತಾಲ್ಲೂಕಿಗೆ ಪ್ರತ್ಯೇಕ ಮಲಹೂಳು ಘಟಕವೇ ಬೇಕು. ದೇವನಹಳ್ಳಿಯಲ್ಲಿ 2015ರಿಂದ ಅಂಥ ಘಟಕ ಇದೆ, ಪಂಚಾಯಿತಿಯವರು ಹೋಗಿ ನೋಡಿಬರುವುದು ಒಳ್ಳೆಯದು.

9. ಹೂಳು

ಮೂರೂವರೆ ಮೀಟರ್ ಕೋಲಿನ ಕೆಳಭಾಗಕ್ಕೆ ಬಿಳಿ ಟವೆಲ್ ಸುತ್ತಿ ದಾರದಿಂದ ಬಿಗಿಯಿರಿ. ಏರಿಯಿಂದ ಚಾಚಿದ ಹಲಗೆಯ ಮೇಲೆ ಇಬ್ಬರು ನಿಂತು, ಕೋಲನ್ನು ನೆಟ್ಟಗೆ ತಳ ಮುಟ್ಟುವವರೆಗೆ ಇಳಿಸಿ, ಒಂದು ನಿಮಿಷ ಬಿಟ್ಟು ನಿಧಾನವಾಗಿ ಎತ್ತಿ. ನೀರು ಇಳಿದುಹೋಗುತ್ತದೆ, ಹೂಳಿನ ಕಪ್ಪು ಕಣಗಳು ಟವೆಲಿನ ನೂಲಿಗೆ ಅಂಟಿ ಸ್ಪಷ್ಟ ಗೆರೆ ಬಿಡುತ್ತವೆ. ಆ ಗೆರೆಯವರೆಗಿನ ಅಳತೆಯೇ ಹೂಳಿನ ಆಳ. ಐದಾರು ಕಡೆ ಅಳೆದು ಸರಾಸರಿ ತೆಗೆಯಿರಿ, ಮೂರು ತಿಂಗಳಿಗೊಮ್ಮೆ ರಿಜಿಸ್ಟರಿನಲ್ಲಿ ಬರೆಯಿರಿ.

ಸರಾಸರಿ ಒಂದು ಮೀಟರ್ ಮುಟ್ಟಿದ ಮೇಲೆ ಬರುವ ಫೆಬ್ರವರಿಯಲ್ಲಿ ಒಂದು ಕೊಳದ ತೂಬು ಮುಚ್ಚಿ, ಮೇಲಿನ ನೀರನ್ನು ಪಾಚಿ ಕೊಳಕ್ಕೆ ನಿಧಾನವಾಗಿ ಬಿಟ್ಟು, ಹೂಳನ್ನು ಬಾಡಿಗೆ ಸ್ಲಡ್ಜ್ ಪಂಪಿನಿಂದ ಅಂಕಣಕ್ಕೆ ಎತ್ತಿ. ಯಾರೂ ಕೊಳಕ್ಕಾಗಲಿ ಚೇಂಬರಿಗಾಗಲಿ ಇಳಿಯಕೂಡದು. ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ಇಂಥ ಅಪಾಯದ ಸಫಾಯಿಗೆ ಜನರನ್ನು ಇಳಿಸುವುದನ್ನು ನಿಷೇಧಿಸಿದೆ. ಅಲ್ಲಿನ ಹೈಡ್ರೋಜನ್ ಸಲ್ಫೈಡ್ ಅನಿಲ ಹೆಚ್ಚಾದಾಗ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ. ವಾಸನೆ ಇಲ್ಲ, ಇಳಿಯಬಹುದು ಎಂದುಕೊಂಡ ಕ್ಷಣವೇ ಅತಿ ಅಪಾಯದ್ದು.

ಅಂಕಣಕ್ಕೆ ತಳದಲ್ಲಿ ತೂತಿನ ಪೈಪು, ಮೇಲೆ 25 ಸೆಂ.ಮೀ. ಜಲ್ಲಿ, ಅದರ ಮೇಲೆ 25 ಸೆಂ.ಮೀ. ಮರಳು. 6 × 12 ಮೀಟರಿನ ನಾಲ್ಕು ಅಂಕಣಗಳಿಗೆ 25 ಸೆಂ.ಮೀ. ದಪ್ಪ ಹೂಳು ಹರಡಿದರೆ ಒಂದು ಸುತ್ತಿಗೆ 72 ಘನ ಮೀಟರ್ ಹಿಡಿಯುತ್ತದೆ. ಒಂದು ಕೊಳದ 150 ಘನ ಮೀಟರ್ ಹೆಚ್ಚುಕಡಿಮೆ ಎರಡು ಸುತ್ತಿನ ಕೆಲಸ, ಬೇಸಿಗೆ ಬಿಸಿಲಿನಲ್ಲಿ ಸುತ್ತಿಗೆ ಎರಡು ವಾರ. ಇನ್ನೂ ದಪ್ಪ ಹರಡಿದರೆ ಮೇಲೆ ಹಪ್ಪಳಗಟ್ಟಿ ಒಳಗೆ ಕೆಸರೇ ಉಳಿಯುತ್ತದೆ. ಪೈಪಿನಲ್ಲಿ ಬಸಿದ ನೀರು ಮತ್ತೆ ಆಳದ ಕೊಳಕ್ಕೇ ಹೋಗಬೇಕು. ಒಣಗಿದ್ದನ್ನು ಮಳೆ ತಾಗದಂತೆ ಒಂದು ವರ್ಷ ರಾಶಿ ಹಾಕಿಟ್ಟ ಮೇಲೆ ತೆಂಗು, ಅಡಿಕೆ, ಮರದ ಬುಡಕ್ಕೆ ಕೊಡಬಹುದು. ಜಂತುಹುಳದ ಮೊಟ್ಟೆ ಗಟ್ಟಿಜೀವ, ಅದಕ್ಕೇ ಆ ಒಂದು ವರ್ಷ. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗೆ ಕೊಡಲೇಬೇಡಿ.

ಪಂಪಿನ ಬಾಡಿಗೆ ಮತ್ತು ಕೂಲಿಗೆ ಪ್ರತಿ ವರ್ಷದ ಕ್ರಿಯಾಯೋಜನೆಯಲ್ಲಿ ಹಣ ತೆಗೆದಿಡಿ. ಹದಿನೈದನೇ ಹಣಕಾಸು ಆಯೋಗ 2026ರ ಮಾರ್ಚ್‌ವರೆಗಿನ ತನ್ನ ಅವಧಿಗೆ ಗ್ರಾಮ ಪಂಚಾಯಿತಿಗಳಿಗೆ ನಿರ್ಬಂಧಿತ ಅನುದಾನ ಎಂದು ಬೇರೆ ಇಟ್ಟದ್ದೇ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ.

10. ಬೇಸಿಗೆಯಲ್ಲಿ ನೀರು ಎಲ್ಲಿಗೆ

ಸ್ನಾನಕ್ಕೆ ಯೋಗ್ಯ ಹೊಳೆಯ ಬಿಒಡಿ 3 ಮಿ.ಗ್ರಾಂ ಮೀರಬಾರದು. ನಿಮ್ಮ ಊರಿನ ಮೇಲುಗಡೆ ಹೊಳೆಯ ಬಿಒಡಿ 2 ಇದೆ, ಸೆಕೆಂಡಿಗೆ 500 ಲೀಟರ್ ಹರಿಯುತ್ತಿದೆ ಎನ್ನಿ. ಶುದ್ಧೀಕರಿಸದ ಕೊಚ್ಚೆ ಸೇರಿದರೆ 5ಕ್ಕೆ ಏರುತ್ತದೆ, 30ಕ್ಕೆ ಇಳಿಸಿದ ನೀರು ಸೇರಿದರೆ 2.3ರಲ್ಲಿ ನಿಲ್ಲುತ್ತದೆ. ಏಪ್ರಿಲ್‌ನಲ್ಲಿ ಅದೇ ಹೊಳೆ 50 ಲೀಟರಿಗೆ ಬತ್ತಿದರೆ ಶುದ್ಧೀಕರಿಸಿದ ನೀರೂ ಅದನ್ನು 4.4ಕ್ಕೆ ಒಯ್ಯುತ್ತದೆ. ಘಟಕ ಮಿತಿಯೊಳಗೇ ಇದ್ದರೂ ಹೊಳೆ ಕೆಡುತ್ತದೆ.

ಆದ್ದರಿಂದ ಫೆಬ್ರವರಿಯಿಂದ ಮೇ ತನಕ ನೀರನ್ನು ಹೊಲಕ್ಕೆ ತಿರುಗಿಸಿ. ಕೊಳಗಳಿಂದ ದಿನಕ್ಕೆ 30–35 ಘನ ಮೀಟರ್ ಆವಿಯಾಗಿ ಹೋದರೂ ಉಳಿದದ್ದು ದಿನಕ್ಕೆ 6 ಮಿ.ಮೀ. ಲೆಕ್ಕದಲ್ಲಿ ಹದಿನೈದು ಎಕರೆಗೆ ಸಾಕು. ಮೇವಿನ ಹುಲ್ಲು, ಕಬ್ಬು, ತೆಂಗು, ಅಡಿಕೆ ಸೂಕ್ತ. ಕಾಲುವೆಯಲ್ಲಿ ಬಿಡಿ, ಸ್ಪ್ರಿಂಕ್ಲರ್ ಬೇಡ, ಕೊಯ್ಲಿಗೆ ಎರಡು ವಾರ ಮೊದಲು ನಿಲ್ಲಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ನೀರಾವರಿ ನೀರಿನಲ್ಲಿ ಲೀಟರಿಗೆ ಒಂದಕ್ಕಿಂತ ಹೆಚ್ಚು ಜಂತು ಮೊಟ್ಟೆ ಇರಬಾರದು ಎನ್ನುತ್ತದೆ, ಈ ಪರೀಕ್ಷೆಯನ್ನು ವರ್ಷಕ್ಕೆರಡು ಸಲ ಮಾಡಿಸಿ.

ರೈತರ ಜೊತೆ ಒಪ್ಪಂದವನ್ನು ಜನವರಿಯೊಳಗೆ ಬರೆಸಿಕೊಳ್ಳಿ. ಯಾವ ಸರ್ವೆ ನಂಬರಿಗೆ ಯಾವ ವಾರ, ಬದು ಒಡೆದು ನೀರು ಹಳ್ಳಕ್ಕೆ ಹೋದರೆ ಯಾರು ಹೊಣೆ, ಮೊದಲ ಮಳೆ ಬಿದ್ದ ದಿನ ಹೊರತೂಬಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂಬ ಮೂರೂ ಅಂಶ ಅದರಲ್ಲಿರಲಿ.